ಬೇಟೆ ಮುಗಿದ ಮೇಲೂ ಕೊಲ್ಲುವ ಗುಂಡು



1987ರ ಏಪ್ರಿಲ್ 19, ಭಾನುವಾರ. ಅಮೆರಿಕದ ಕ್ಯಾಲಿಫೋರ್ನಿಯಾದ ಒಣಗುಡ್ಡಗಳಲ್ಲಿ ಜೀವವಿಜ್ಞಾನಿಗಳ ತಂಡವೊಂದು ಬಲೆ ಹಾಕಿ ಒಂದು ದೊಡ್ಡ ಹಕ್ಕಿಯನ್ನು ಹಿಡಿಯಿತು. ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ಜಾತಿಯ ಆ ಗಂಡು ಹಕ್ಕಿಗೆ ದಾಖಲೆಯಲ್ಲಿದ್ದ ಹೆಸರು ಎಸಿ-9. ಅದು ಸೆರೆಯಾದ ಮೇಲೆ ಆ ಜಾತಿಯ ಒಂದು ಹಕ್ಕಿಯೂ ಬಯಲಿನಲ್ಲಿ ಉಳಿಯಲಿಲ್ಲ. ಸ್ಯಾನ್ ಡಿಯಾಗೋ ಮತ್ತು ಲಾಸ್ ಏಂಜಲಿಸ್‌ನ ಮೃಗಾಲಯಗಳಲ್ಲಿ ಕೂಡಿಟ್ಟಿದ್ದ ಹಕ್ಕಿಗಳೇ ಆ ಜಾತಿಯ ಪೂರ್ತಿ ಸಂತತಿ. ಎಲ್ಲ ಸೇರಿ 27.

ಕಾಂಡೋರ್ ನಮ್ಮ ರಣಹದ್ದಿನಂತೆಯೇ ಸತ್ತ ಪ್ರಾಣಿಗಳನ್ನು ತಿಂದು ಬದುಕುವ ಹಕ್ಕಿ. ರೆಕ್ಕೆ ಬಿಚ್ಚಿದರೆ ಒಂಬತ್ತೂವರೆ ಅಡಿ. ನೀರುಹಕ್ಕಿಗಳನ್ನು ಬಿಟ್ಟರೆ ಉತ್ತರ ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ರೆಕ್ಕೆಯ ಹಕ್ಕಿ ಇನ್ನೊಂದಿಲ್ಲ. ಐವತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಆದರೆ ಸಂತಾನದ ವಿಷಯದಲ್ಲಿ ಬಹಳ ನಿಧಾನ. ಮೊದಲ ಮೊಟ್ಟೆ ಇಡುವ ಹೊತ್ತಿಗೆ ಆರರಿಂದ ಎಂಟು ವರ್ಷ ಆಗಿರುತ್ತದೆ. ಇಡುವುದು ಒಂದು ಸಲಕ್ಕೆ ಒಂದೇ ಮೊಟ್ಟೆ. ಮರಿ ಸಾಕುವುದರಲ್ಲೇ ವರ್ಷಕ್ಕೂ ಮಿಕ್ಕಿ ಕಾಲ ಹೋಗುವುದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಂದು ಮರಿ. ಇಂಥ ಹಕ್ಕಿಯ ಸಂಸಾರದಲ್ಲಿ ಬಲಿತ ಹಕ್ಕಿಗಳು ದೀರ್ಘಕಾಲ ಬದುಕಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಒಂದು ಬಲಿತ ಹಕ್ಕಿ ಸತ್ತರೆ ಆ ನಷ್ಟವನ್ನು ತುಂಬಲು ವರ್ಷಗಟ್ಟಲೆ ಬೇಕು.

ಈ ಹಕ್ಕಿ ಅಳಿವಿನಂಚಿಗೆ ಬಂದದ್ದು ಒಂದೇ ಕಾರಣದಿಂದಲ್ಲ. ಕೋವಿ ಹಿಡಿದವರು ಸುಮ್ಮನೆ ಹೊಡೆದು ಕೆಡವಿದರು. ಮೊಟ್ಟೆ ಸಂಗ್ರಹದ ಹುಚ್ಚಿನವರು ಗೂಡು ಸೂರೆ ಮಾಡಿದರು. ಮೇಕೆ ಕುರಿ ಕಾಯುವವರು ತೋಳಗಳಿಗೆಂದು ಇಟ್ಟ ವಿಷದ ಮಾಂಸ ಇವುಗಳ ಹೊಟ್ಟೆಗೂ ಹೋಯಿತು. 1982ರ ಹೊತ್ತಿಗೆ ಬಯಲು, ಬೋನು ಎಲ್ಲ ಸೇರಿ 22 ಹಕ್ಕಿಗಳಷ್ಟೇ ಉಳಿದಿದ್ದವು. 1984ರಲ್ಲಿ ಸತ್ತು ಸಿಕ್ಕ ಒಂದು ಕಾಂಡೋರನ್ನು ಕೊಯ್ದು ನೋಡಿದಾಗ ಸಾವಿಗೆ ಕಾರಣ ಸೀಸದ ವಿಷ ಎಂದು ಕಂಡಿತು. 1984–85ರ ಒಂದೇ ಚಳಿಗಾಲದಲ್ಲಿ ಬಯಲಿನಲ್ಲಿದ್ದ 15 ಹಕ್ಕಿಗಳಲ್ಲಿ ಆರು ಕಾಣೆಯಾದವು. 1986ರ ಆರಂಭದಲ್ಲಿ, ಬಯಲಿನಲ್ಲಿ ಮೊಟ್ಟೆಯಿಡುತ್ತಿದ್ದ ಒಂದು ಹೆಣ್ಣು ಚಿಕಿತ್ಸೆ ಕೊಟ್ಟರೂ ಉಳಿಯದೆ ಸತ್ತಿತು. ಅದಕ್ಕೂ ಕಾರಣ ಸೀಸ.

ಉಳಿದವನ್ನೆಲ್ಲ ಹಿಡಿದುಬಿಡೋಣ ಎಂಬ ತೀರ್ಮಾನ ಬಂದದ್ದು ಆ ದಿನಗಳಲ್ಲೇ. ಅದನ್ನು ಎಲ್ಲರೂ ಒಪ್ಪಲಿಲ್ಲ. ಪಕ್ಷಿ ಸಂರಕ್ಷಣೆಗೇ ಹೆಸರಾದ ನ್ಯಾಷನಲ್ ಆಡುಬಾನ್ ಸೊಸೈಟಿ ಇದನ್ನು ತಡೆಯಲು ನ್ಯಾಯಾಲಯಕ್ಕೆ ಹೋಯಿತು. ಬಯಲಲ್ಲಿ ಹಕ್ಕಿಯೇ ಇಲ್ಲದಿದ್ದರೆ ಅದರ ಕಾಡನ್ನು ಉಳಿಸಿಕೊಳ್ಳುವವರು ಯಾರು ಎಂಬುದು ಅವರ ವಾದ. ಕೊನೆಗೆ ಹಿಡಿಯುವ ಪಕ್ಷವೇ ಗೆದ್ದಿತು.

ಮುಂದಿನದು ಮನುಷ್ಯರ ತಾಳ್ಮೆಯ ಕತೆ. ಮೊದಲ ಮೊಟ್ಟೆಯನ್ನು ಗೂಡಿನಿಂದ ತೆಗೆದರೆ ಕಾಂಡೋರ್ ಇನ್ನೊಂದು ಮೊಟ್ಟೆ ಇಡುತ್ತದೆ ಎಂಬುದನ್ನು ಬಳಸಿಕೊಂಡರು. ತೆಗೆದ ಮೊಟ್ಟೆಗಳಿಗೆ ಯಂತ್ರದಲ್ಲಿ ಕಾವು ಕೊಟ್ಟರು. ಮರಿಗಳು ಮನುಷ್ಯರ ಮುಖಕ್ಕೆ ಒಗ್ಗಿಬಿಡಬಾರದೆಂದು ತಾಯಿಹಕ್ಕಿಯ ತಲೆಯ ಆಕಾರದ ಕೈಗೊಂಬೆ ತೊಟ್ಟು ತುತ್ತು ತಿನ್ನಿಸಿದರು. 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, 1996ರಲ್ಲಿ ಅರಿಜೋನಾದಲ್ಲಿ, ಆಮೇಲೆ ಮೆಕ್ಸಿಕೋದಲ್ಲಿ ಹಕ್ಕಿಗಳನ್ನು ಮತ್ತೆ ಬಯಲಿಗೆ ಬಿಟ್ಟರು. ಎಸಿ-9 ಕೂಡ 2002ರಲ್ಲಿ ತಾನು ಹಾರಾಡುತ್ತಿದ್ದ ಗುಡ್ಡಗಳಿಗೆ ಮರಳಿತು. ಇಂದು ಲೋಕದಲ್ಲಿ ಕಾಂಡೋರ್‌ಗಳ ಸಂಖ್ಯೆ 500 ದಾಟಿದೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಯಲಿನಲ್ಲಿವೆ.

ಇಷ್ಟು ಕೇಳಿದರೆ ಕತೆ ಸುಖಾಂತವಾಯಿತು ಅನ್ನಿಸುತ್ತದೆ. ಆಗಿಲ್ಲ. ಹಕ್ಕಿ ಬಯಲಿಗೆ ಮರಳಿತು, ಆದರೆ ಬಯಲಿನಲ್ಲಿದ್ದ ಸೀಸ ಅಲ್ಲೇ ಇತ್ತು. 1992ರಿಂದ 2009ರವರೆಗೆ ಬಯಲಿನಲ್ಲಿ ಸತ್ತ 135 ಕಾಂಡೋರ್‌ಗಳ ಸಾವನ್ನು ವಿಜ್ಞಾನಿಗಳು ಪರಿಶೀಲಿಸಿದರು. ಕಾರಣ ಗೊತ್ತಾದ ಬಲಿತ ಹಕ್ಕಿಗಳ ಸಾವಿನಲ್ಲಿ ಮೂರರಲ್ಲಿ ಎರಡು ಪಾಲು ಸೀಸದಿಂದಲೇ ಆಗಿತ್ತು.

ಹಾಗಾದರೆ ಹಕ್ಕಿಯ ಹೊಟ್ಟೆಗೆ ಸೀಸ ಬರುವುದು ಎಲ್ಲಿಂದ? ಅದಕ್ಕೆ ಯಾರೂ ಗುಂಡು ಹೊಡೆದಿಲ್ಲವಲ್ಲ?

ಅಮೆರಿಕದಲ್ಲಿ ಜಿಂಕೆಯ ಬೇಟೆ ಕಾನೂನುಬದ್ಧ. ಲೈಸೆನ್ಸ್ ಪಡೆದವರು ಋತುವಿನಲ್ಲಿ ಹೋಗಿ ಹೊಡೆದು ತರುತ್ತಾರೆ. ರೈಫಲ್ಲಿನ ಗುಂಡಿನ ಒಡಲು ಸೀಸ, ಮೇಲೆ ತಾಮ್ರದ ತೆಳು ಕವಚ. ಸೀಸ ಮೆತ್ತನೆಯ ಲೋಹ. ಶಬ್ದದ ಎರಡು ಪಟ್ಟಿಗೂ ಮೀರಿದ ವೇಗದಲ್ಲಿ ಹೋಗಿ ಪ್ರಾಣಿಯ ಮೈಗೆ ತಾಗಿದಾಗ ಅದು ಹರಡಿಕೊಳ್ಳುತ್ತದೆ, ಅಂಚುಗಳು ಚೂರು ಚೂರಾಗಿ ಸಿಡಿಯುತ್ತವೆ. ಕೆಲವು ಚೂರು ಕಣ್ಣಿಗೆ ಕಾಣುವುದೇ ಇಲ್ಲ, ಗಾಯದಿಂದ ಗೇಣು ದೂರದ ಮಾಂಸದಲ್ಲೂ ಹೂತಿರುತ್ತವೆ. ಬೇಟೆಗಾರ ಜಿಂಕೆಯನ್ನು ಅಲ್ಲೇ ಸೀಳಿ ಕರುಳು ಜಠರಗಳನ್ನು ತೆಗೆದು ಕಾಡಿನಲ್ಲೇ ಬಿಟ್ಟು, ಮಾಂಸವನ್ನಷ್ಟೇ ಹೊತ್ತು ತರುತ್ತಾನೆ. ಆ ರಾಶಿ ಹದ್ದು, ಕಾಗೆ, ನರಿಗಳ ಪಾಲು. ಹಾಗೆ ಬಿಟ್ಟ 20 ರಾಶಿಗಳನ್ನು ಅಮೆರಿಕದ ಸಂಶೋಧಕರು ಎಕ್ಸ್‌ರೇ ತೆಗೆದು ನೋಡಿದರು. 18ರಲ್ಲಿ ಗುಂಡಿನ ಚೂರುಗಳಿದ್ದವು. ಐದು ರಾಶಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಚೂರು. ತಾಮ್ರದ ಗುಂಡಿನಿಂದ ಹೊಡೆದ ನಾಲ್ಕು ಜಿಂಕೆಗಳನ್ನೂ ನೋಡಿದರು. ನಾಲ್ಕೂ ಸೇರಿ ಸಿಕ್ಕಿದ್ದು ಆರು ಚೂರು. 2006ರಲ್ಲಿ ಪ್ರಕಟವಾದ ಈ ಒಂದು ಹೋಲಿಕೆಯಲ್ಲಿ ರೋಗವೂ ಇದೆ, ಮದ್ದೂ ಇದೆ.

ಕಾಂಡೋರ್ ಒಂಟಿಯಾಗಿ ಉಣ್ಣುವ ಹಕ್ಕಿಯಲ್ಲ. ಒಂದು ಹೆಣದ ಮೇಲೆ ಹತ್ತಾರು ಇಳಿಯುತ್ತವೆ. ಆದ್ದರಿಂದ ಒಂದು ಗುಂಡು ಒಂದು ಜಿಂಕೆಯನ್ನು ಕೊಂದು ಸುಮ್ಮನಾಗುವುದಿಲ್ಲ, ಒಂದಿಡೀ ಹಿಂಡಿಗೆ ವಿಷ ಉಣಿಸಬಲ್ಲದು.

ಇನ್ನು ಹೊಟ್ಟೆಗೆ ಹೋದ ಸೀಸ ಏನು ಮಾಡುತ್ತದೆ? ಕೊಳೆತ ಮಾಂಸ, ಎಲುಬಿನ ಚೂರುಗಳನ್ನೂ ಕರಗಿಸುವಷ್ಟು ತೀಕ್ಷ್ಣವಾದ ಆಮ್ಲ ಈ ಹಕ್ಕಿಗಳ ಜಠರದಲ್ಲಿರುತ್ತದೆ. ರೋಗಾಣುಗಳಿಂದ ಅವನ್ನು ಕಾಪಾಡುವ ಆ ಆಮ್ಲವೇ ಸೀಸದ ಚೂರನ್ನೂ ಕರಗಿಸಿ ರಕ್ತಕ್ಕೆ ಸೇರಿಸುತ್ತದೆ. ಅಲ್ಲಿ ಸೀಸ ಕ್ಯಾಲ್ಸಿಯಂನ ವೇಷ ಹಾಕುತ್ತದೆ. ಮದುವೆ ಮನೆಗೆ ನೆಂಟರ ಸೋಗಿನಲ್ಲಿ ನುಗ್ಗಿದವನನ್ನು ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ ನೋಡಿ, ಹಾಗೆ ದೇಹವೇ ಅದನ್ನು ನರಗಳಿಗೆ, ಸ್ನಾಯುಗಳಿಗೆ, ಎಲುಬಿಗೆ ಕರೆದೊಯ್ಯುತ್ತದೆ. ರಕ್ತದ ಕೆಂಪು ಕಣಗಳಿಗೆ ಬೇಕಾದ ಹೀಮ್ ತಯಾರಿಸುವ ಕಿಣ್ವದ ಕೆಲಸ ನಿಲ್ಲುತ್ತದೆ, ರಕ್ತಹೀನತೆ ಬರುತ್ತದೆ. ಅನ್ನಚೀಲ ಮತ್ತು ಜಠರದ ಸ್ನಾಯುಗಳಿಗೆ ಲಕವಾ ಹೊಡೆದಂತಾಗಿ ಉಂಡದ್ದು ಕೆಳಗಿಳಿಯುವುದಿಲ್ಲ. ಹಕ್ಕಿಯ ಗಂಟಲಲ್ಲಿ ಆಹಾರ ತುಂಬಿಕೊಂಡೇ ಇರುತ್ತದೆ, ಹಕ್ಕಿ ಮಾತ್ರ ಹಸಿವಿನಿಂದ ಸಾಯುತ್ತದೆ. ರೆಕ್ಕೆ ಜೋಲುತ್ತದೆ, ತಲೆ ವಾಲುತ್ತದೆ, ಹಿಕ್ಕೆ ಹಸಿರಾಗುತ್ತದೆ. ಸಾಯದೆ ಉಳಿದ ಹಕ್ಕಿಯ ನಡೆಯಲ್ಲೂ ಹಾರಾಟದಲ್ಲೂ ಎಡವಟ್ಟು. ಅಂಥದು ವಿದ್ಯುತ್ ತಂತಿಗೋ ವಾಹನಕ್ಕೋ ಬಡಿದು ಸತ್ತರೆ ಆ ಸಾವು ಅಪಘಾತದ ಲೆಕ್ಕಕ್ಕೆ ಹೋಗುತ್ತದೆ.

ಇದು ಗುಂಡಿನ ಸೀಸವೇ ಎಂದು ಹೇಳುವುದು ಹೇಗೆ? ಹಳೆಯ ಬಣ್ಣದಲ್ಲಿ ಸೀಸ ಇದೆ, ಮಣ್ಣಿನಲ್ಲೂ ಇದೆ. ಈ ಪ್ರಶ್ನೆಯನ್ನು ಬೇಟೆಗಾರರ ಸಂಘಗಳೂ ಗುಂಡು ತಯಾರಕರೂ ವರ್ಷಗಟ್ಟಲೆ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಸಿಕ್ಕಿದ್ದು ಸೀಸದ ಐಸೋಟೋಪುಗಳಿಂದ, ಅಂದರೆ ತೂಕದಲ್ಲಿ ಒಂದಕ್ಕೊಂದು ಬೇರೆಯಾದ ಸೀಸದ ಪರಮಾಣುಗಳಿಂದ. ಒಂದೊಂದು ಮೂಲದ ಸೀಸದಲ್ಲೂ ಐಸೋಟೋಪುಗಳ ಪ್ರಮಾಣ ಬೇರೆ ಬೇರೆ ಇರುತ್ತದೆ. ಸ್ಯಾಂಟಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೈರಾ ಫಿಂಕೆಲ್‌ಸ್ಟೈನ್ ಮತ್ತು ಸಂಗಡಿಗರು ಕಾಂಡೋರ್‌ಗಳ ರಕ್ತದಲ್ಲಿದ್ದ ಸೀಸವನ್ನು ಹೀಗೆ ಅಳೆದು ನೋಡಿದರು. ಇನ್ನೂ ಬಯಲಿಗೆ ಬಿಡದ ಹಕ್ಕಿಗಳ ಸೀಸ ಒಂದು ಬಗೆ, ಬಯಲಿನಲ್ಲಿ ಹಾರಾಡುವ ಹಕ್ಕಿಗಳದು ಇನ್ನೊಂದು ಬಗೆ. ಈ ಎರಡನೆಯದು ಗುಂಡಿನ ಸೀಸದೊಂದಿಗೆ ತಾಳೆಯಾಯಿತು. ಅವರ 2012ರ ವರದಿಯ ಪ್ರಕಾರ ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ವರ್ಷ ಐದರಲ್ಲಿ ಒಂದು ಹಕ್ಕಿಯ ರಕ್ತದಲ್ಲಿ, ಚಿಕಿತ್ಸೆ ಕೊಡದಿದ್ದರೆ ಜೀವಕ್ಕೇ ಅಪಾಯ ಅನ್ನುವಷ್ಟು ಸೀಸ ಇತ್ತು.

ಚಿಕಿತ್ಸೆ ಅಂದರೆ ಏನೆಂದು ಸ್ವಲ್ಪ ಊಹಿಸಿಕೊಳ್ಳಿ. ರೆಕ್ಕೆಗೆ ಸಂಖ್ಯೆಯ ಪಟ್ಟಿ, ಬೆನ್ನಿಗೆ ರೇಡಿಯೋ ಯಂತ್ರ ಹೊತ್ತು ಹಾರುವ ಹಕ್ಕಿಯನ್ನು ವರ್ಷದಲ್ಲಿ ಒಂದೆರಡು ಸಲ ಹಿಡಿಯಬೇಕು. ಅಲ್ಲೇ ರಕ್ತ ತೆಗೆದು ಪರೀಕ್ಷಿಸಬೇಕು. ಸೀಸ ಹೆಚ್ಚಿದ್ದರೆ ಮೃಗಾಲಯದ ಆಸ್ಪತ್ರೆಗೆ ಸಾಗಿಸಿ, ಸೀಸವನ್ನು ಕಟ್ಟಿ ಮೂತ್ರಪಿಂಡದ ಮೂಲಕ ಹೊರಹಾಕುವ ಚುಚ್ಚುಮದ್ದನ್ನು ದಿನಗಟ್ಟಲೆ ಕೊಡಬೇಕು. ಗುಣವಾದ ಮೇಲೆ ಬಿಟ್ಟರೆ ಅದು ಮತ್ತೆ ಅದೇ ಬಯಲಿಗೆ, ಅದೇ ಊಟಕ್ಕೆ ಹೋಗುತ್ತದೆ. ಕಾಂಡೋರ್‌ನ ಚೇತರಿಕೆ ನಿಂತಿರುವುದು ಈ ಎಡೆಬಿಡದ ಆರೈಕೆಯ ಮೇಲೆಯೇ, ಸೀಸ ಕಡಿಮೆಯಾಗದ ಹೊರತು ಅದು ಸ್ವಂತ ಕಾಲ ಮೇಲೆ ನಿಲ್ಲಲಾರದು ಎಂಬುದು ಆ ಸಂಶೋಧಕರ ತೀರ್ಮಾನ.

ಕೇಳುಗರೇ, ಸೀಸ ಹಕ್ಕಿಗಳನ್ನು ಕೊಲ್ಲುತ್ತದೆ ಎಂಬುದು ಹೊಸ ಸಂಗತಿಯೇನಲ್ಲ. ಚರೆ ನುಂಗಿದ ಬಾತುಗಳು ಸಾಯುತ್ತವೆ ಎಂದು ಅಮೆರಿಕದ ನಿಸರ್ಗವಾದಿ ಜಾರ್ಜ್ ಬರ್ಡ್ ಗ್ರಿನ್ನೆಲ್ 1894ರಲ್ಲೇ ಬರೆದಿದ್ದರು. ಬಾತುಗಳು ಕಾಳನ್ನು ಅರೆಯಲು ಸಣ್ಣ ಕಲ್ಲುಗಳನ್ನು ನುಂಗುವ ಜೀವಿಗಳು. ಬೇಟೆಗಾರರ ಕೋವಿಯಿಂದ ಕೆರೆಯ ತಳ ಸೇರಿದ ಚರೆ ಅವುಗಳ ಕಣ್ಣಿಗೆ ಕಲ್ಲಿನಂತೆಯೇ ಕಾಣುತ್ತದೆ. 1959ರಲ್ಲಿ ಫ್ರಾಂಕ್ ಬೆಲ್‌ರೋಸ್ ಎಂಬ ವಿಜ್ಞಾನಿ ಇದರಿಂದ ಉತ್ತರ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು ಇಪ್ಪತ್ತು ಲಕ್ಷ ನೀರುಹಕ್ಕಿಗಳು ಸಾಯುತ್ತಿರಬಹುದೆಂದು ಅಂದಾಜು ಮಾಡಿದರು. ಆದರೂ ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ದೇಶಾದ್ಯಂತ ನಿಷೇಧಿಸಲು 1991 ಬರಬೇಕಾಯಿತು. ತಿಳಿದದ್ದಕ್ಕೂ ಮಾಡಿದ್ದಕ್ಕೂ ನಡುವೆ ಸುಮಾರು ನೂರು ವರ್ಷ! ಇಂಗ್ಲೆಂಡಿನಲ್ಲಿ ಗಾಳಕ್ಕೆ ಭಾರ ಕಟ್ಟುವ ಸೀಸದ ಗುಂಡು ನುಂಗಿ ಹಂಸಗಳು ಸಾಯುತ್ತಿದ್ದವು. 1987ರಲ್ಲಿ ಅಂಥ ಸೀಸದ ಮಾರಾಟಕ್ಕೆ ತಡೆ ಬಿದ್ದ ಮೇಲೆ ಹಂಸಗಳ ಸಂಖ್ಯೆ ಚೇತರಿಸಿತು.

ಜಪಾನಿನ ಉತ್ತರದ ಹೊಕ್ಕೈಡೋ ದ್ವೀಪಕ್ಕೆ ಚಳಿಗಾಲದಲ್ಲಿ ಸ್ಟೆಲ್ಲರ್ ಕಡಲಹದ್ದು ವಲಸೆ ಬರುತ್ತದೆ. ಹದ್ದುಗಳಲ್ಲೇ ಅತಿ ತೂಕದ ಜಾತಿಗಳಲ್ಲಿ ಅದೂ ಒಂದು. ಬೇಟೆಗಾರರು ಬಿಟ್ಟ ಜಿಂಕೆಯ ಅವಶೇಷ ತಿಂದು ಅವು ಸಾಯತೊಡಗಿದ್ದು 1990ರ ದಶಕದ ಕೊನೆಯಲ್ಲಿ. ಜಿಂಕೆ ಬೇಟೆಗೆ ಸೀಸದ ಗುಂಡನ್ನು ಆ ದ್ವೀಪ 2000ದಲ್ಲೇ ನಿರ್ಬಂಧಿಸಿತು. ಆದರೂ ಸಾವು ಪೂರ್ತಿ ನಿಲ್ಲಲಿಲ್ಲ. ಕೊನೆಗೆ 2014ರಲ್ಲಿ, ಬೇಟೆಗೆ ಹೋಗುವವರು ಅಂಥ ಗುಂಡನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದನ್ನೇ ನಿಷೇಧಿಸಬೇಕಾಯಿತು.

ಅಮೆರಿಕದ ರಾಷ್ಟ್ರಲಾಂಛನವಾದ ಬೋಳುಹದ್ದಿನ ಸ್ಥಿತಿಯೂ ನೆಮ್ಮದಿಯದಲ್ಲ. ಡಿಡಿಟಿ ಎಂಬ ಕೀಟನಾಶಕವನ್ನು ನಿಷೇಧಿಸಿದ ಮೇಲೆ ಅದು ಚೇತರಿಸಿಕೊಂಡದ್ದು ಎಲ್ಲರೂ ಹೆಮ್ಮೆಯಿಂದ ಹೇಳುವ ಕತೆ. ಆದರೆ 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಮಾತು ಹೇಳಿತು. ಬೋಳುಹದ್ದು, ಹೊನ್ನಹದ್ದು ಎರಡರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಹಕ್ಕಿಗಳ ಎಲುಬಿನಲ್ಲಿ ಬಹುಕಾಲದಿಂದ ಕೂಡಿದ ಸೀಸ ಇತ್ತು.

ಇದಕ್ಕೆ ಪರಿಹಾರ ಗೊತ್ತಿಲ್ಲವೆಂದಲ್ಲ. ತಾಮ್ರದ ಗುಂಡು ಅಂಗಡಿಯಲ್ಲೇ ಸಿಗುತ್ತದೆ. ಅದು ತಾಗಿದಾಗ ಹರಡುತ್ತದೆ, ಚೂರಾಗುವುದು ತೀರ ಕಡಿಮೆ, ಪ್ರಾಣಿಯನ್ನು ಅಷ್ಟೇ ಬೇಗ ಕೆಡಹುತ್ತದೆ. ಬೆಲೆ ಕೊಂಚ ಹೆಚ್ಚು, ಕೆಲವು ಅಳತೆಯ ಕೋವಿಗಳಿಗೆ ಸಿಗುವುದು ಕಷ್ಟ ಎಂಬ ದೂರು ಇದೆ, ಅದು ಸುಳ್ಳೂ ಅಲ್ಲ. ಆದರೆ ದೊಡ್ಡ ಅಡ್ಡಿ ಇರುವುದು ಮನಸ್ಸಿನಲ್ಲಿ. ಗುಂಡಿನ ಮೇಲಿನ ಯಾವ ನಿರ್ಬಂಧವನ್ನೂ ಕೋವಿ ಕಿತ್ತುಕೊಳ್ಳುವ ಹುನ್ನಾರವೆಂದೇ ನೋಡುವವರು ಅಮೆರಿಕದಲ್ಲಿ ಬಹಳ. ರಾಷ್ಟ್ರೀಯ ವನ್ಯಧಾಮಗಳಲ್ಲಿ ಸೀಸದ ಗುಂಡನ್ನು ಹಂತಹಂತವಾಗಿ ಬಿಡಿಸುವ ಆದೇಶವೊಂದು 2017ರ ಜನವರಿಯಲ್ಲಿ, ಒಂದು ಸರ್ಕಾರದ ಕೊನೆಯ ದಿನ ಹೊರಬಿತ್ತು. ಮಾರ್ಚ್ ತಿಂಗಳಲ್ಲಿ ಹೊಸ ಸರ್ಕಾರ ಅದನ್ನು ರದ್ದು ಮಾಡಿತು.

ಕ್ಯಾಲಿಫೋರ್ನಿಯಾ ಕಾನೂನಿನ ದಾರಿ ಹಿಡಿಯಿತು. 2008ರಲ್ಲಿ ಕಾಂಡೋರ್ ಇರುವ ಪ್ರದೇಶದಲ್ಲಿ, 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ನಿಷಿದ್ಧ. ಅರಿಜೋನಾ ಇನ್ನೊಂದು ದಾರಿ ಹಿಡಿಯಿತು. 2005ರಿಂದ ಅಲ್ಲಿಯ ವನ್ಯಜೀವಿ ಇಲಾಖೆಯ ಸಿಬ್ಬಂದಿ ಕಾಂಡೋರ್ ಸೀಮೆಗೆ ಹೋಗುವ ಬೇಟೆಗಾರರಿಗೆ ಸೀಸವಿಲ್ಲದ ಗುಂಡನ್ನು ಉಚಿತವಾಗಿ ಕೊಟ್ಟು, ಹಾಗಾಗದಿದ್ದರೆ ಕರುಳಿನ ರಾಶಿಯನ್ನಾದರೂ ಕಾಡಿನಿಂದ ಹೊರಗೆ ತನ್ನಿ ಎಂದು ಕೇಳಿಕೊಂಡರು. ಬಹುಪಾಲು ಬೇಟೆಗಾರರು ಒಪ್ಪಿದರು. ಎರಡು ದಾರಿಯಿಂದಲೂ ಪ್ರಯೋಜನವಾಗಿದೆ, ಎರಡರಲ್ಲೂ ವಿಷ ಪೂರ್ತಿ ನಿಂತಿಲ್ಲ. ಬೇಟೆಗೆ ನಿಷೇಧವಿದ್ದರೂ ಸೀಸದ ಗುಂಡು ಅಂಗಡಿಯಲ್ಲಿ ಸಿಗುತ್ತಲೇ ಇದೆ. ಕಾಂಡೋರ್ ಒಂದೇ ದಿನ ನೂರು ಮೈಲಿಗೂ ಮೀರಿ ಹಾರುತ್ತದೆ, ಅದಕ್ಕೆ ರಾಜ್ಯದ ಗಡಿ ಗೊತ್ತಿಲ್ಲ.

ಕ್ಯಾಲಿಫೋರ್ನಿಯಾದ ಉತ್ತರ ತುದಿಯ ಯುರೋಕ್ ಬುಡಕಟ್ಟಿನವರಿಗೆ ಕಾಂಡೋರ್ ಪವಿತ್ರ ಹಕ್ಕಿ. ನೂರು ವರ್ಷಕ್ಕೂ ಹೆಚ್ಚು ಕಾಲ ಅವರ ನಾಡಿನ ಆಕಾಶದಲ್ಲಿ ಅದು ಕಂಡಿರಲಿಲ್ಲ. 2022ರಲ್ಲಿ ಯುರೋಕ್ ಜನ ಅದನ್ನು ಮರಳಿ ತಂದು ಬಿಟ್ಟರು. ಬಿಡುವ ಎಷ್ಟೋ ಮೊದಲೇ ಅವರು ಬೇಟೆಗಾರರ ಬಳಿಗೆ ಹೋದರು. ಸೀಸದ ಗುಂಡು ಹೇಗೆ ಸಿಡಿಯುತ್ತದೆಂದು ಎದುರಿಗೇ ಹೊಡೆದು ತೋರಿಸಿದರು. ಅವರೂ ಬೇಟೆಯಾಡುವ ಜನವೇ ಆದ್ದರಿಂದ ಮಾತಿಗೆ ಕಿವಿ ಸಿಕ್ಕಿತು. ಅಷ್ಟಾದರೂ ಅವರು ಬಿಟ್ಟ ಹಿಂಡಿನ ಒಂದು ಎಳೆಯ ಹಕ್ಕಿ ಸೀಸದ ವಿಷದಿಂದ ಸತ್ತಿತು.

ಬೇಟೆಗಾರರಿಗೆ ಇದು ಬರೀ ಹಕ್ಕಿಯ ವಿಷಯವಲ್ಲ. ಉತ್ತರ ಡಕೋಟಾ ರಾಜ್ಯದಲ್ಲಿ ಬೇಟೆಗಾರರು ಬಡವರಿಗೆಂದು ದಾನ ಕೊಟ್ಟ ಜಿಂಕೆ ಮಾಂಸದ ಪೊಟ್ಟಣಗಳನ್ನು ವೈದ್ಯರೊಬ್ಬರು 2008ರಲ್ಲಿ ಸ್ಕ್ಯಾನ್ ಮಾಡಿಸಿದರು. ಅರ್ಧಕ್ಕೂ ಹೆಚ್ಚು ಪೊಟ್ಟಣಗಳಲ್ಲಿ ಲೋಹದ ಚೂರು. ಹದ್ದಿಗೆ ಬಿಟ್ಟದ್ದರಲ್ಲಿ ಇದ್ದದ್ದು ಮನೆಯ ಮಕ್ಕಳ ತಟ್ಟೆಯಲ್ಲೂ ಇತ್ತು.

ಇದರಲ್ಲಿ ನಮಗೇನು ಎಂದು ನೀವು ಕೇಳಬಹುದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಅಡಿಯಲ್ಲಿ ಬೇಟೆಗೆ ನಿಷೇಧವಿದೆ. ನಮ್ಮ ರಣಹದ್ದುಗಳನ್ನು ಕೊಂದದ್ದು ಸೀಸವಲ್ಲ, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ. ಆದರೆ ಎರಡೂ ಸಾವಿನ ದಾರಿ ಒಂದೇ, ಮನುಷ್ಯ ಬಿಟ್ಟ ಹೆಣದ ಮೂಲಕ. 1992ರಿಂದ 2007ರೊಳಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದರಂತೆ ಮಾತ್ರ ಉಳಿದವು. ಕಾರಣ ಪತ್ತೆಯಾದದ್ದು 2004ರ ಹೊತ್ತಿಗೆ, ದನಗಳಿಗೆ ಆ ಔಷಧ ಕೊಡುವುದನ್ನು ನಿಷೇಧಿಸಿದ್ದು 2006ರಲ್ಲಿ. ಮೆಲಾಕ್ಸಿಕಾಂ ಎಂಬ ನಿರಪಾಯದ ಬದಲಿ ಇತ್ತು. ಮನುಷ್ಯರಿಗೆಂದು ಮಾಡಿದ ಡೈಕ್ಲೋಫೆನಾಕ್‌ನ ದೊಡ್ಡ ಬಾಟಲಿಗಳು ದನಗಳಿಗೆ ಹೋಗುತ್ತಿವೆಯೆಂದು ತಿಳಿದಾಗ 2015ರಲ್ಲಿ ಬಾಟಲಿಯ ಅಳತೆಯನ್ನೇ 3 ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಔಷಧಗಳನ್ನೂ ದನಗಳಿಗೆ ನಿಷೇಧಿಸಿದರು. ಅಂದರೆ ನಾವು ಒಂದೊಂದು ರಣಹದ್ದನ್ನು ಹಿಡಿದು ಚುಚ್ಚುಮದ್ದು ಕೊಡುತ್ತ ಕೂರಲಿಲ್ಲ, ವಿಷವನ್ನೇ ದಾರಿಯಿಂದ ತೆಗೆಯಲು ಹೊರಟೆವು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದ್ದೂ ಆ ಕೆಲಸದ ಇನ್ನೊಂದು ಭಾಗ. ಕೆಲಸ ಮುಗಿದಿಲ್ಲ, ಬೆಟ್ಟದಲ್ಲಿ ಉಳಿದಿರುವ ಉದ್ದಕೊಕ್ಕಿನ ರಣಹದ್ದುಗಳು ಬೆರಳೆಣಿಕೆಯಷ್ಟು. ಆದರೆ ಹಿಡಿದ ದಾರಿ ಸರಿಯಾದದ್ದು.

ಸೀಸದ ವಿಷಯದಲ್ಲೂ ನಮಗೆ ಅನುಭವವಿದೆ. ನಮ್ಮ ಪೆಟ್ರೋಲಿನಿಂದ ಸೀಸವನ್ನು 2000ದಲ್ಲಿ ತೆಗೆದರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಮಕ್ಕಳ ರಕ್ತದ ಸೀಸದ ಬಗ್ಗೆ ದಶಕಗಳ ಕಾಲ ದನಿಯೆತ್ತಿದರು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರಲ್ಲಿ ಜಾರಿಗೆ ಬಂತು. ಇವೆಲ್ಲವೂ ರೋಗಿಗೆ ಮದ್ದು ಕೊಡುವ ಮೊದಲು ವಿಷದ ಮೂಲ ಮುಚ್ಚಿದ ಕೆಲಸಗಳು.

ಕೇಳುಗರೇ, ಕಾಂಡೋರ್‌ಗೆ ಬೇಕಾದದ್ದೂ ಅದೇ. ಮೂವತ್ತು ವರ್ಷಕ್ಕೂ ಮಿಕ್ಕಿದ ಆರೈಕೆ ಅದನ್ನು ಅಳಿವಿನಿಂದ ತಡೆದಿದೆ, ಸೀಸದ ಗುಂಡು ಹೋಗುವವರೆಗೆ ಅದು ರೋಗಿಯಾಗಿಯೇ ಉಳಿಯುತ್ತದೆ. ಅಮೆರಿಕದಲ್ಲೋ ಯುರೋಪಿನಲ್ಲೋ ನೆಲೆಸಿ ಬೇಟೆಗೆ ಹೋಗುವ ಕನ್ನಡಿಗರಿದ್ದರೆ ತಾಮ್ರದ ಗುಂಡನ್ನೇ ಕೊಳ್ಳಿ. ಊರಿನಲ್ಲಿರುವ ನಾವು ಮಾಡಬಹುದಾದದ್ದೂ ಇದೆ. ಗಾಳಕ್ಕೆ ಕಟ್ಟುವ ಸೀಸವನ್ನು ಕೆರೆಯಲ್ಲಿ ಬಿಡಬೇಡಿ. ಹಳೆಯ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆಯಬೇಡಿ, ಅಂಗಡಿಗೇ ಹಿಂದಿರುಗಿಸಿ. ದನಕ್ಕೆ ನೋವಿನ ಚುಚ್ಚುಮದ್ದು ಬೇಕಾದರೆ ಮೆಲಾಕ್ಸಿಕಾಂ ಕೊಡಿ ಎಂದು ಪಶುವೈದ್ಯರನ್ನು ಕೇಳಿ. ರೆಕ್ಕೆ ಜೋತುಬಿದ್ದು ಹಾರಲಾರದೆ ಕೂತ ಹದ್ದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ನಾವು ಬಿಸಾಡಿದ್ದನ್ನು ಉಂಡು ಊರನ್ನು ಚೊಕ್ಕಟವಾಗಿಡುವ ಹಕ್ಕಿಗಳಿಗೆ, ಬಿಸಾಡುವುದನ್ನಾದರೂ ವಿಷವಿಲ್ಲದಂತೆ ಬಿಸಾಡುವ ಋಣ ನಮ್ಮ ಮೇಲಿದೆ.